ಟಿಕೆಟ್ ಕಿಟಕಿಯ ಮುಂದೆ ಮೊದಲ ಲೋಟ

ದೊಡ್ಡಪ್ಪನ ಗಂಟಲಮಣಿ ಹಲಸಿನ ಬೀಜದಷ್ಟು ದಪ್ಪ. ಅದು ಮೇಲಕ್ಕೆದ್ದು ಕೆಳಗಿಳಿಯುವುದನ್ನು ಕಣ್ಣಾರೆ ಕಾಣದೆ ನಮ್ಮೂರಲ್ಲಿ ಯಾರೂ ಹೆಂಡ ಮುಟ್ಟುತ್ತಿರಲಿಲ್ಲ.

ಪಾನನಿರೋಧ ತೆಗೆದ ಹೊಸತು. ಕೃಷ್ಣರಾಜನಗರದಾಚೆಯ ನಮ್ಮೂರಿಗೆ ಹೊಸ ರೈಲ್ವೆ ಸ್ಟೇಷನ್ ಆಗಿ, ಹಳೆಯ ಕಟ್ಟಡವನ್ನು ಹೆಂಡದ ಕಂಟ್ರಾಕ್ಟರ್ ಹಿಡಿದಿದ್ದ. ಟಿಕೆಟ್ ಕೊಡುತ್ತಿದ್ದ ಕಿಟಕಿಯಲ್ಲಿ ಲೋಟ ಕೊಡುತ್ತಿದ್ದರು. ಒಮ್ಮೆ ಯಾವುದೋ ಮಾತ್ರೆ ಬೆರೆಸಿದ ಹೆಂಡ ಕುಡಿದು ಅರ್ಧ ಊರೇ ಮಲಗಿತು. ಆಮೇಲೆ, ಹೆಂಡದ ಗಡಿಗೆ ಬಂದ ಕೂಡಲೇ ಮೊದಲ ಲೋಟವನ್ನು ಎಲ್ಲರೆದುರು ದೊಡ್ಡಪ್ಪ ಕುಡಿಯಬೇಕೆಂದು ಪದ್ಧತಿ ಬಿತ್ತು. ಅವನು ನನ್ನ ಸ್ವಂತ ದೊಡ್ಡಪ್ಪನಲ್ಲ, ಪಕ್ಕದ ಮನೆಯವನು.

ಮೈಸೂರಿನಲ್ಲಿ ಓದುತ್ತ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಕೆಡವುತ್ತಿದ್ದ ನಾನು, ರಜಕ್ಕೆ ಬಂದಾಗಲೆಲ್ಲ ಅವನನ್ನು ಕೆಣಕುತ್ತಿದ್ದೆ. "ನೀನು ಕಂಟ್ರಾಕ್ಟರನ ಜಾಹೀರಾತು, ಅಷ್ಟೇ."

"ಇರ್ಬೌದು ಕಣ್ಲಾ. ನಾನು ಕುಡೀತೀನಿ ಅಂತ ಗೊತ್ತಿರೋದ್ಕೇ ಅವ್ನು ಬೆರ್ಸಾಕಿಲ್ಲ."

"ಅಂದರೆ ನೀನು ಬಿಡೋ ಹಾಗೇ ಇಲ್ಲ!"

"ಅದೇ ನೋಡು. ಓದ್ದೋನು, ಬೇಗ ಕಂಡ್ಕಂಡೆ."

ಆ ಬೇಸಿಗೆಯಲ್ಲಿ ಅವನ ಕಾಲು, ಹೊಟ್ಟೆ ಊದಿಕೊಂಡವು. ಹಾರನಹಳ್ಳಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಕರೆದೊಯ್ಯಲು ಬಂದಳು. "ಇನ್ನೊಂದು ತೊಟ್ಟು ಒಳಕ್ಕೋದ್ರೆ ನಾನು ನಿನ್ ಮಗಳಲ್ಲ ಕಣಪ್ಪ," ಅಂದಳು. ಅವನು ಅವಳ ತಲೆ ಮುಟ್ಟಿ ಆಣೆ ಇಟ್ಟ. ಆದರೂ ಬಸ್ಸು ಹತ್ತುವ ಮುಂಚೆ ಹಳೇ ಸ್ಟೇಷನ್ನಿಗೆ ಹೊರಟ. ಕಡೇ ಸಲ, ಬರೀ ನಾಲಿಗೆಗೆ, ಅಂದ. ಬಟ್ಟೆಗಂಟು ಹಿಡಿದು ಮಗಳೂ ಬಂದಳು, ನಾನೂ ಹೋದೆ.

ಬಾಯಿ ತುಂಬಿಕೊಂಡ, ಮುಕ್ಕಳಿಸಿದ, ಸರಿಯಾಗಿದೆ ಎಂದು ತಲೆಯಾಡಿಸಿ ಪ್ಲಾಟ್‌ಫಾರ್ಮಿನಾಚೆ ಉಗಿದ.

"ಅಯ್ಯಯ್ಯೋ, ಉಗುದ್ಬುಟ್ಟ ಕಣ್ರಪ್ಪೋ!"

ಗಡಿಗೆ ತಂದಿದ್ದ, ಈಚಲು ಮರದಿಂದ ಹೆಂಡ ಇಳಿಸುವವನ ಕುತ್ತಿಗೆಗೇ ಜನ ಕೈ ಹಾಕಿದರು. "ಏನಾಕಿದ್ದೀಯಲಾ ಇದ್ಕೆ?"

ನಾನು ಬೆಂಚು ಹತ್ತಿದೆ. ರುಚಿ ನೋಡುವುದು ನಾಲಿಗೆಯೇ ಹೊರತು ಹೊಟ್ಟೆಯಲ್ಲ, ಕೆಟ್ಟಿದ್ದರೆ ತಲೆಯಾಡಿಸುತ್ತಿದ್ದನೆ? ಪಾಯಿಂಟಿಗೆ ಪಾಯಿಂಟು ಇಟ್ಟೆ.

"ಸ್ಯಾನೆ ಚಂದಾಗಿ ಮಾತಾಡ್ತೀಯ ಕಣಪ್ಪ," ಅಂದ ಮುಂದಿದ್ದವನು. "ಅಂಗಾರೆ ಅವ್ನು ನುಂಗ್ಲಿ."

ವಾದ ಗೆದ್ದಿದ್ದೆ, ಮೊದಲ ಏಟು ಬಿದ್ದೇಬಿಟ್ಟಿತು. ಹೆಂಡ ಇಳಿಸುವವನ ಮೂಗಿನಿಂದ ರಕ್ತ ಇಳಿಯಿತು.

"ಬುಡ್ರೋ ಅವನ್ನ! ತತ್ತಾ ಲೋಟವ," ಅಂದ ದೊಡ್ಡಪ್ಪ. ಮಗಳ ಕಡೆ ಒಂದು ಸಲ ನೋಡಿದ. ಗಂಟಲಮಣಿ ಮೇಲಕ್ಕೆದ್ದಿತು, ಕೆಳಗಿಳಿಯಿತು. ಹಿಡಿದ ಕೈಗಳು ಸಡಿಲವಾದವು. ಜನ ಕಿಟಕಿಗೆ ನುಗ್ಗಿದರು. ಮಗಳು ಬಟ್ಟೆಗಂಟನ್ನು ಅವನ ಕಾಲ ಬಳಿ ಇಟ್ಟು ಒಬ್ಬಳೇ ಬಸ್ಸಿನ ದಾರಿ ಹಿಡಿದಳು.

ಆಮೇಲೆ ಅವನಾಗಲಿ ನಾನಾಗಲಿ ಕುಡಿತ ಬಿಡುವ ಮಾತೆತ್ತಲಿಲ್ಲ. ನುಡಿದದ್ದಕ್ಕೆ ತನ್ನ ಮೈಯನ್ನೇ ಜಾಮೀನು ಇಡುವ ಮನುಷ್ಯನನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ಸಂಕ್ರಾಂತಿಗೆ ಮುಂಚೆಯೇ ಹೋಗಿಬಿಟ್ಟ. ಮಗಳು ಬಂದಳು. ಕುಡಿಯುತ್ತಿದ್ದವರಿಗೆ ಮಾಡುವ ಹಾಗೆ, ಹೆಣದ ಬಾಯಿಗೆ ಬಿಡಲು ಯಾರೋ ಹೆಂಡದ ಲೋಟ ತಂದರು. ಸುತ್ತ ಜನ ಬಗ್ಗಿ ನೋಡುತ್ತಿದ್ದರು. ಅವಳು ಲೋಟಕ್ಕೆ ಅಂಗೈ ಅಡ್ಡ ಇಟ್ಟಳು.

"ಸಾಕು ಬುಡ್ರಣ್ಣ. ಇವತ್ತಾದ್ರೂ ನಮ್ಮಪ್ಪ ಯಾರ್ಗೂ ಕುಡ್ದು ತೋರುಸ್ದೆ ಓಗ್ಲಿ."