ಗೊತ್ತಾಗದ ಹಾಗೆ ರಫೂ ಮಾಡಿದ ಕೋಟು

ರಫೂ ಕೆಲಸದಲ್ಲಿ ನಮ್ಮ ದೊಡ್ಡಮ್ಮನದು ಎತ್ತಿದ ಕೈ. ಇಲಿ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಏನೇ ಕೊಡಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ ತೂತಿನ ಮೇಲೆ ನೇಯ್ದುಬಿಡುತ್ತಾಳೆ. ಆಮೇಲೆ ಗಿರಾಕಿಯ ಕೈಗೆ ಕೊಟ್ಟು, ಎಲ್ಲಿತ್ತು ತೋರಿಸಿ ನೋಡೋಣ ಅನ್ನುತ್ತಾಳೆ. ಅವರು ಕಿಟಕಿಯ ಹತ್ತಿರ ಹೋಗಿ ತಡಕಾಡಿ ಸೋತರೆ ಆ ದಿನವಿಡೀ ಇವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅದೇ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು ನಾನು. ನನ್ನನ್ನು ಯಾರೂ ಹೊಗಳುವುದಿಲ್ಲ, ಆ ಮಾತು ಬಿಡಿ.

ಎದುರಿಗೆ ಕನ್ನಡಕದಂಗಡಿ. ಅದರ ಯಜಮಾನರನ್ನು ನಾನು ಕನ್ನಡಕದ ಮಾಮ ಅನ್ನುತ್ತೇನೆ. ಅವರು ಯೆಹೂದಿಗಳು. ಅವರು ಹುಟ್ಟುವ ಮೊದಲು, ಯೆಹೂದಿಗಳೆಲ್ಲ ಎದೆಯ ಮೇಲೆ ಆರು ಮೂಲೆಯ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗೆ ಬರಬೇಕೆಂದು ಆಗಿನ ಸರ್ಕಾರದ ಆಜ್ಞೆಯಾಗಿತ್ತು. ಗುರುತು ಸಿಕ್ಕಿದ ಮೇಲೆ ಹಿಡಿಯುವುದೇನು ಕಷ್ಟ? ಮನೆಮಂದಿಯನ್ನೆಲ್ಲ ಲಾರಿಗೆ ತುಂಬಿದ ದಿನ ಮಾಮನ ಅಪ್ಪ ಒಬ್ಬರೇ ಯಾರದೋ ಇದ್ದಿಲಿನ ಗೋದಾಮಿನಲ್ಲಿ ಅಡಗಿ ಬದುಕಿಕೊಂಡರು. ಹೋದವರು ಯಾರೂ ತಿರುಗಿ ಬರಲಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪ ತಮ್ಮ ಕೋಟಿನ ನಕ್ಷತ್ರವನ್ನು ಕಿತ್ತು ಒಲೆಗೆ ಹಾಕಿ, ಕೋಟನ್ನು ಬೀರುವಿನಲ್ಲಿ ನೇತುಹಾಕಿದರು. ಸಾಯುವ ತನಕ ಆ ವಿಷಯವಾಗಿ ತುಟಿ ಬಿಚ್ಚಲಿಲ್ಲ.

ಆದರೆ ಕೋಟು ನೋಡಿದವರಿಗೆ ಯಾರೂ ಏನೂ ಹೇಳಬೇಕಿರಲಿಲ್ಲ. ಉಳಿದ ಬಟ್ಟೆಯೆಲ್ಲ ಬಿಸಿಲಿಗೆ ಮಾಸಿ ಬೂದುಬಣ್ಣಕ್ಕೆ ತಿರುಗಿದ್ದರೆ, ಎದೆಯ ಮೇಲೆ ನಕ್ಷತ್ರದಷ್ಟು ಜಾಗ ಮಾತ್ರ ಕಡುನೀಲಿಯಾಗಿಯೇ ಉಳಿದಿತ್ತು. ಕಿತ್ತ ರಭಸಕ್ಕೆ ಅದರ ಅಂಚಿನುದ್ದಕ್ಕೂ ತೂತುಗಳಾಗಿದ್ದವು.

ಈಚೆಗೆ ನಮ್ಮ ಬೀದಿಯಲ್ಲಿ, ಯೆಹೂದಿಗಳಿಗೆ ಹಾಗೇನೂ ಆಗಲೇ ಇಲ್ಲ ಅನ್ನುವ ಕೆಲವು ಪಡ್ಡೆ ಹುಡುಗರ ಹಾರಾಟ ಹೆಚ್ಚಾಗಿದೆ. ಮಾಮನ ಅಂಗಡಿಯ ಬಾಗಿಲ ಮೇಲೆ ‘ಎಲ್ಲಾ ಕಟ್ಟುಕತೆ’ ಎಂದು ಬಣ್ಣದಲ್ಲಿ ಗೀಚಿ ಹೋದರು. ಮಾಮ ಅದನ್ನು ಉಜ್ಜಿ ತೊಳೆದರು, ಮತ್ತೆ ಗೀಚಿದರು. ಆಗಲೇ ಮಾಮ ಅಪ್ಪನ ಕೋಟನ್ನು ಹೊರಗೆ ತೆಗೆದದ್ದು. ಗ್ರಂಥಾಲಯದ ಹಾಲ್‌ನಲ್ಲಿ ಎಲ್ಲರಿಗೂ ತೋರಿಸಬೇಕು, ತೋಳನ್ನು ನುಸಿ ತಿಂದಿದೆ, ಸ್ವಲ್ಪ ಸರಿಮಾಡಿ ಕೊಡಿ ಅಂತ ದೊಡ್ಡಮ್ಮನ ಕೈಗೆ ಕೊಟ್ಟು ಹೋದರು.

ದೊಡ್ಡಮ್ಮ ಸರಿಮಾಡಿದಳು. ತೋಳನ್ನಷ್ಟೇ ಅಲ್ಲ, ಇಡೀ ಕೋಟನ್ನು! ನಾನು ಮದುವೆಯೊಂದಕ್ಕೆ ಹೋಗಿ ಬರುವಷ್ಟರಲ್ಲಿ ಅಂಚಿನ ತೂತುಗಳನ್ನೆಲ್ಲ ನೇಯ್ದು ಮುಚ್ಚಿ, ಕೋಟನ್ನು ನೀಲಿ ಬಣ್ಣದಲ್ಲಿ ಅದ್ದಿ ಒಣಗಿಸಿ ಒಂದೇ ಸಮ ಮಾಡಿಟ್ಟಿದ್ದಳು. ಮಾಮ ಬಂದೊಡನೆ, ಎಲ್ಲಿತ್ತು ತೋರಿಸಿ ನೋಡೋಣ ಅಂದೇಬಿಟ್ಟಳು.

ಮಾಮ ಎದೆಯ ಭಾಗವನ್ನು ಸವರಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಮತ್ತೆ ಸವರಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಸ್ಟೂಲಿನ ಮೇಲೆ ಕುಸಿದು ಕೂತ ಮೇಲೆಯೇ ದೊಡ್ಡಮ್ಮನಿಗೆ ತಾನೇನು ಮಾಡಿದೆನೆಂದು ತಲೆಗೆ ಹೋದದ್ದು.

“ಕೊಡಿ ತಮ್ಮಾ, ಬಿಚ್ಚಿಕೊಡ್ತೀನಿ. ಎಲ್ಲೆಲ್ಲಿ ತೂತಿತ್ತು ಅಂತ ನನ್ನ ಬೆರಳಿಗೆ ಗೊತ್ತು,” ಅಂದಳು.

“ಈಗ ಮಾಡಿದ್ರೆ ಅದು ನಾವು ಮಾಡಿದ ತೂತಾಗುತ್ತೆ ಅಕ್ಕಾ. ಬಾಗಿಲ ಮೇಲೆ ಗೀಚಿದೋರು ಹೇಳ್ತಿರೋದೂ ಅದನ್ನೇ ಅಲ್ವಾ?”

ಬಿಚ್ಚಿದರೆ ಸುಳ್ಳು, ಬಿಟ್ಟರೆ ತೋರಿಸಲು ಏನೂ ಇಲ್ಲ. ಯಾಕೆ ಹೀಗೆ ಮಾಡಿದೆ ಎಂದು ಆಮೇಲೆ ದೊಡ್ಡಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಪಾಪ, ನಾಲ್ಕು ಜನರೆದುರು ಅವರಿಗೆ ಆ ಅವಮಾನದ ಗುರುತು ಯಾಕೆ ಅನ್ನಿಸಿತು ಅಂದಳು. ಸ್ವಲ್ಪ ಹೊತ್ತಿಗೆ, ಹಾಗೇನಿಲ್ಲ, ತೂತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ ಅಂದಳು. ಎರಡರಲ್ಲಿ ಯಾವುದು ನಿಜ ಅಂತ ರೇಗಿದೆ. ಅವಳಿಗೇ ಗೊತ್ತಿರಲಿಲ್ಲ.

ಮಾಮ ಕೋಟನ್ನು ಹಾಲ್‌ಗೆ ತೆಗೆದುಕೊಂಡೇ ಹೋದರು. ನಡೆದದ್ದನ್ನು ನೀವೇ ಬಂದು ಹೇಳಿ ಎಂದು ದೊಡ್ಡಮ್ಮನನ್ನೂ ಕರೆದರು. ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ ಅವಳು. ಮೇಜಿನ ಮೇಲೆ ಕೋಟನ್ನು ಮಗುಚಿ, ಒಳಗಿನ ಅಸ್ತರು ಬಿಚ್ಚಿ, ಒಳಮೈಯಲ್ಲಿ ಉಳಿದ ಎಳೆಗಳ ತುದಿಗಳನ್ನು ತೋರಿಸಿದಳು. ಹೊರಗೆ ಕಾಣದ್ದು ಒಳಗೆ ಕಾಣುತ್ತಿತ್ತು. ಆರು ಮೂಲೆಯ ಸುತ್ತ ಅವಳ ಸೂಜಿ ಓಡಾಡಿದ ದಾರಿ. ಇಲ್ಲಿ ನಕ್ಷತ್ರ ಇತ್ತು, ನಾನೇ ಮುಚ್ಚಿದೆ ಅಂದಳು.

ಹಿಂದಿನ ಸಾಲಿನಿಂದ ಒಬ್ಬ ಯುವಕ ಎದ್ದ. ಒರಟನೇನಲ್ಲ, ಶರ್ಟಿನ ಇಸ್ತ್ರಿ ಕೂಡ ಚೆನ್ನಾಗಿತ್ತು.

“ಇದು ನೀವು ಹೊಲಿದದ್ದು ಅಲ್ವಾ ಅಜ್ಜಿ? ನೀವು ಹೊಲಿದ್ರಿ ಅನ್ನೋದಕ್ಕೆ ಸಾಕ್ಷಿ ಆಯ್ತು. ಅಷ್ಟೇ ತಾನೇ?”

ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಮಾಮ ತಲೆ ತಗ್ಗಿಸಿ ಕೂತಿದ್ದರು. ದೊಡ್ಡಮ್ಮ ಮಾತ್ರ ಆ ಹುಡುಗನ ಮುಖವನ್ನೇ ನೋಡಿದಳು. ವಾದ ಮಾಡುವ ಧಾಟಿಯಲ್ಲಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು.

“ಹಾಗಾದ್ರೆ ನಾನು ಮುಚ್ಚಿದ್ದು ಏನನ್ನಪ್ಪಾ?”