ಬೀಗಿತ್ತಿಯ ಬೆನ್ನು

ಬುಸಾನ್ ನಗರದ ದೊಂಗ್ನೆಯಲ್ಲಿರುವ ಬಿಸಿನೀರಿನ ಸ್ನಾನಗೃಹದಲ್ಲಿ ಮೈ ಉಜ್ಜುವ ತಾಕ್ ಮಲ್‌ಸುನ್‌ಗೆ ಶರಣಾಗದ ಕೊಳೆ ಇನ್ನೂ ಹುಟ್ಟಿರಲಿಲ್ಲ. ಕಪ್ಪು ಒಳಉಡುಪು ತೊಟ್ಟು, ಕೈಗೆ ಒರಟು ಹಸಿರು ಗವಸು ಏರಿಸಿ ಅವಳು ಗಿರಾಕಿಗಳನ್ನು ಮಲಗಿಸುವ ಮಣೆಯ ಬಳಿ ನಿಂತಳೆಂದರೆ ದಂಡನಾಯಕಿ ಕೋಟೆಯ ಬಾಗಿಲಿಗೆ ಬಂದಂತೆಯೇ. ಬತ್ತಲೆ ಮಲಗಿದವಳು ಬ್ಯಾಂಕಿನ ಮ್ಯಾನೇಜರಾಗಲಿ, ನ್ಯಾಯಾಧೀಶೆಯಾಗಲಿ, ಹಿಂಭಾಗದ ಮೇಲೆ ಛಟೀರೆಂದು ಒಂದು ಏಟು ಬಿದ್ದರೆ ಮಗ್ಗುಲು ಬದಲಿಸಲೇಬೇಕು. ಗಂಡ ಮೀನಿನ ಹಡಗಿನೊಂದಿಗೇ ಕಡಲಪಾಲಾದ ಮೇಲೆ, ಮಗ ಗ್ಯುಹ್ವಾನ್‌ನನ್ನು ಓದಿಸಿದ್ದು ಈ ಗವಸೇ.

ರೈಲು ನಿಲ್ದಾಣದಲ್ಲಿ ಪ್ರವಾಸಿಗರಿಗೆ ದಾರಿ ಹೇಳಲು ಕೂರುವ ಬೋಂಗ್‌ಜಾ ಅವಳ ಗೆಳತಿ. ಕಡಲತೀರ, ಬೆಟ್ಟದ ಗುಡಿ, ಮೀನುಪೇಟೆ ಎಂದು ನಕ್ಷೆಯ ಮೇಲೆ ಬೆರಳಾಡಿಸಿ, ಮುಖ ಬಾಡಿದವರು ಯಾರೇ ಕಂಡರೂ ಬೋಂಗ್‌ಜಾ ಅವರನ್ನು ಸೀದಾ ಮಲ್‌ಸುನ್ ಬಳಿಗೆ ಅಟ್ಟುತ್ತಿದ್ದಳು.

ಆ ದಿನ ಮಾತ್ರ ದಂಡನಾಯಕಿಯೇ ಅಂಜಿದ್ದಳು. ಮರುದಿನ ಮಗನ ಮದುವೆ ಮಾತುಕತೆ. ಹುಡುಗಿಯ ಅಪ್ಪ ಗ್ವಾಂಗ್ಜುವಿನಲ್ಲಿ ಹೆಡ್‌ಮಾಸ್ಟರು. ತಾಯಿಗೆ ದೊಡ್ಡ ಹೋಟೆಲಿನಲ್ಲಿ ಕೆಲಸ ಎಂದು ಹೇಳುವಂತೆ ಮಗನ ಬಾಯಿಗೆ ತುರುಕಿದವಳು ಅವಳೇ.

"ಯಾಕಮ್ಮ? ಮೈ ಉಜ್ಜೋದು ಕಳ್ಳತನಾನಾ?" ಎಂದು ಅವನು ಮುಖ ಸಿಂಡರಿಸಿದ್ದ.

"ಸುಮ್ನಿರೋ. ಮದುವೆ ಒಂದು ಆಗ್ಲಿ."

ಮಧ್ಯಾಹ್ನ ಟವೆಲನ್ನು ಎದೆಗವಚಿಕೊಂಡು ಒಬ್ಬ ಹೆಂಗಸು ಬಂದಳು. "ಸ್ಟೇಷನ್ ಹತ್ರ ಒಬ್ರು ಕಳಿಸಿದ್ರು..."

"ಬೋಂಗ್‌ಜಾನಾ? ಬನ್ನಿ ಅಕ್ಕ, ಮಲ್ಕೊಳ್ಳಿ." ಎರಡು ಸಲ ಗವಸು ಎಳೆದದ್ದೇ ತಡ, ಮಲ್‌ಸುನ್ ರಣಕಹಳೆ ಊದಿದಳು. "ಅಯ್ಯಯ್ಯೋ! ಇದೇನು ಬೆನ್ನೋ, ಗದ್ದೆಯೋ? ನಿಮ್ಮೂರಲ್ಲಿ ನೀರು ಬರಲ್ವಾ?"

"ದಿನಾ ಸ್ನಾನ ಮಾಡ್ತೀನಮ್ಮ!"

"ಮಾಡ್ತೀರ. ಕೊಳೆಗೂ ಚೆನ್ನಾಗಿ ಸ್ನಾನ ಮಾಡ್ಸಿ, ಜೊತೇಲೇ ಮನೆಗೆ ಕರ್ಕೊಂಡು ಹೋಗ್ತೀರ!" ಛಟೀರ್. "ತಿರುಗಿ."

ಹೆಂಗಸು ನಗುತ್ತಲೇ ತಿರುಗಿದಳು. "ಹಾಗಾದ್ರೆ ಒಂಚೂರೂ ಬಿಡ್ಬೇಡಿ. ನಾಳೆ ಬೀಗರ ಮುಂದೆ ಕೂರ್ಬೇಕು. ಗ್ವಾಂಗ್ಜುವಿಂದ ಅದಕ್ಕೇ ಬಂದಿದ್ದೀವಿ. ಹುಡುಗನ ತಾಯಿ ಯಾವ್ದೋ ಹೋಟೆಲಲ್ಲಿದ್ದಾರಂತೆ."

ಗವಸು ನಿಂತಿತು. "ಹುಡುಗನ ಹೆಸರು?"

"ಗ್ಯುಹ್ವಾನ್."

ಕೋಟೆ ಗೆಲ್ಲಲು ಬಂದ ದಂಡನಾಯಕಿ ಕಂದಕಕ್ಕೆ ಉರುಳಿದ್ದಳು. ಬೀಗಿತ್ತಿಯರೆಂದರೆ ರೇಷ್ಮೆ ಉಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿ, ಒಬ್ಬರೆದುರು ಒಬ್ಬರು ಅನ್ನವನ್ನೂ ಸದ್ದಾಗದಂತೆ ಅಗಿಯಬೇಕಾದವರು. ಇವಳೋ ಬೀಗಿತ್ತಿಯ ಹಿಂಭಾಗಕ್ಕೆ ಬಾರಿಸಿಯಾಗಿತ್ತು! ತಲೆಗೆ ಟವೆಲು ಸುತ್ತಿ, ಕೆಮ್ಮಿನ ನೆವದಲ್ಲಿ ಹಬೆಕೋಣೆಗೆ ನುಗ್ಗಿ ಪರಾರಿಯಾಗುವ ಯುದ್ಧತಂತ್ರವೊಂದು ಮಿಂಚಿ ಮಾಯವಾಯಿತು.

ಅಷ್ಟರಲ್ಲಿ ಹೆಂಗಸು ಚಾವಣಿ ನೋಡುತ್ತಾ ಮೆಲ್ಲಗೆ ಅಂದಳು, "ಒಬ್ಳೇ ಮಗಳು. ಅತ್ತೆ ಏನಾದ್ರೂ ಅಂದ್ರೆ ಒಳಗೇ ನುಂಗ್ಕೋತಾಳೆ, ನಂಗೂ ಹೇಳಲ್ಲ. ಆ ತಾಯಿ ಎಂಥೋರು ಅಂತ ಯಾರನ್ನ ಕೇಳ್ಲಿ?"

ಮಲ್‌ಸುನ್ ಬೆಚ್ಚಗಿನ ನೀರು ಹುಯ್ದು ಅವಳ ಮೈ ತೊಳೆದು, ಟವೆಲು ಹೊದಿಸಿದಳು. ಗವಸು ಕಳಚಿ, ಒದ್ದೆ ಒಳಉಡುಪಿನಲ್ಲೇ ನೆಲ ಕಾಣುವಷ್ಟು ಬಾಗಿದಳು.

"ನನ್ನನ್ನೇ ಕೇಳಿ ಬೀಗಿತ್ತಿ. ಗ್ಯುಹ್ವಾನ್ ತಾಯಿ ನಾನೇ. ಹೋಟೆಲೂ ಇಲ್ಲ, ಮಣ್ಣೂ ಇಲ್ಲ. ಸುಳ್ಳು ನಂದು, ಅವನದ್ದಲ್ಲ."

ಹೆಂಗಸು ದಡಬಡಿಸಿ ಎದ್ದು ತಾನೂ ಬಾಗಿದಳು. ಟವೆಲು ಜಾರಿ ಬಿತ್ತು. ಪಕ್ಕದ ಬಿಸಿನೀರಿನ ಕೊಳದಲ್ಲಿ ಕೂತಿದ್ದ ಅಜ್ಜಿಯರು ಕುತ್ತಿಗೆಯವರೆಗೆ ಮುಳುಗಿ, ಇತ್ತ ಕಿವಿಗೊಟ್ಟರು.

"ಇಷ್ಟೊತ್ತು ಬೈದ್ರಲ್ಲ," ಎಂದಳು ಹೆಂಗಸು, "ಎಲ್ಲ ನನ್ನ ಎದುರಿಗೇ ಬೈದ್ರಿ. ನನ್ನ ಮಗಳಿಗೂ ಹೀಗೇನಾ?"

"ಎದುರಿಗೇ ಬೈತೀನಿ," ಎಂದಳು ಮಲ್‌ಸುನ್ ತಲೆ ಎತ್ತದೆ. "ಆಮೇಲೆ ಊಟಕ್ಕೆ ಬಡಿಸ್ತೀನಿ. ಬೈಯದೇ ಇರ್ತೀನಿ ಅಂತ ಇನ್ನೊಂದು ಸುಳ್ಳು ಹೇಳಲಾರೆ."

ಹೆಂಗಸು ಅವಳನ್ನು ದಿಟ್ಟಿಸಿದಳು. ಆಮೇಲೆ ಗವಸು ಎತ್ತಿಕೊಂಡು ತನ್ನ ಕೈಗೇ ಏರಿಸಿದಳು. "ಮಲ್ಕೊಳ್ಳಿ."

"ಛೆ, ನಾನಾ?"

"ನೀವೇ. ನಮ್ಮ ಹೆಡ್‌ಮಾಸ್ಟರಿಗೆ ನಾನು ಹೇಳ್ಕೋತೀನಿ. ಮಗಳನ್ನ ಕೊಡೋ ಮನೆ ಬೆನ್ನು ಹೇಗಿದೆ, ನಾನೂ ನೋಡ್ಬೇಡ್ವಾ?"

ದಂಡನಾಯಕಿ ತನ್ನ ರಣರಂಗದ ಮೇಲೆ ತಾನೇ ಬೋರಲು ಮಲಗಿದಳು. ಬೀಗಿತ್ತಿಯ ಕೈಗೆ ಕಸುಬು ಗೊತ್ತಿರಲಿಲ್ಲ. ಗವಸು ಉಜ್ಜುವ ಬದಲು ಮಗುವನ್ನು ಮಲಗಿಸುವಂತೆ ತಟ್ಟುತ್ತಿತ್ತು.

"ಏನು ಬೀಗಿತ್ತಿ, ಎಣ್ಣೆ ಸವರ್ತಿದ್ದೀರಾ? ಜೋರಾಗಿ!" ಎಂದು ಗದರಿದಳು ಮಲ್‌ಸುನ್. ಅಜ್ಜಿಯರು ನೀರು ಚಿಮ್ಮುವಂತೆ ನಕ್ಕರು.

ನಾಳೆ ಹೋಟೆಲಿನ ಕಥೆ ಬಿಚ್ಚಬೇಡ ಎಂದು ಮಗನಿಗೆ ಕೂಡಲೇ ಫೋನ್ ಮಾಡಬೇಕಿತ್ತು. ಆದರೆ ಆ ಮಣೆ ಬಿಟ್ಟು ಏಳಲು ಅವಳಿಗೆ ಮನಸ್ಸೇ ಬರಲಿಲ್ಲ.