ಫಿಲ್ಟರಿನಲ್ಲಿ ಉಳಿದ ಹಳೇ ರಿಂಗು

ರುದ್ರಣ್ಣ, ಆ ಕಾರು ದಾರಿಯಲ್ಲಿ ನಿಂತದ್ದು ನಿಮ್ಮಿಂದಲ್ಲ, ನನ್ನಿಂದ. ಇದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಚಿಕ್ಕಲಸಂದ್ರದ ಆ ಗ್ಯಾರೇಜಿನಲ್ಲಿ ನೀವು ಹಿರಿಯರು. ನಾನು ನಿಮ್ಮ ಕೈಕೆಳಗೆ ಡೀಸೆಲ್ ಕೆಲಸ ಕಲಿತವನು. ಆಗಷ್ಟೇ ನೀವು ಕಣ್ಣಿನ ಪೊರೆ ತೆಗೆಸಿ, ಕೆಲಸಕ್ಕೆ ಮರಳಿ ಒಂದು ತಿಂಗಳಾಗಿತ್ತು. ಜಯನಗರದ ರಿಟೈರ್ಡ್ ಟೀಚರ್ ಮೇಡಂ ತಮ್ಮ ಹಳೇ ಡೀಸೆಲ್ ಕಾರನ್ನು ಸರ್ವಿಸಿಗೆ ಬಿಟ್ಟರು. ಅವರ ಯಜಮಾನರಿಗೆ ವಾರಕ್ಕೆರಡು ಸಲ ಡಯಾಲಿಸಿಸ್; ಕಾರಿಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಡೀಸೆಲ್ ಫಿಲ್ಟರ್ ಬದಲಾಯಿಸಿದವನು ನಾನು. ಅಷ್ಟರಲ್ಲಿ ಓನರ್ ಇನ್ನೊಂದು ಗಾಡಿಗೆ ಕರೆದರು. ಡೀಸೆಲ್ ಲೈನಿನೊಳಗೆ ಸೇರಿದ ಗಾಳಿ ಹೊರಗೆ ಬಿಟ್ಟು, ಗಾಳಿ ಬಿಡುವ ಸ್ಕ್ರೂ ಬಿಗಿ ಮಾಡಿ, ಸ್ಟಾರ್ಟ್ ಮಾಡಿ ಕೊಟ್ಟದ್ದು ನೀವು.

ಮರುದಿನ ಬನಶಂಕರಿ ಬಸ್ ಸ್ಟ್ಯಾಂಡ್ ಹತ್ತಿರದ ಸಿಗ್ನಲ್ಲಿನಲ್ಲಿ ಕಾರು ಆಫ್ ಆಗಿ ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಮೇಡಂ ಒಬ್ಬರೇ ಗಂಡನನ್ನು ಇಳಿಸಿ ಆಟೋ ಹತ್ತಿಸಲು ಹೋದರೆ, ಯಜಮಾನರು ನಡುರಸ್ತೆಯಲ್ಲೇ ಕುಸಿದು ಕೂತರಂತೆ.

ಎಳೆದು ತಂದ ಕಾರನ್ನು ಓನರ್ ನನಗೇ ಒಪ್ಪಿಸಿದರು. ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಹ್ಯಾಂಡ್ ಪಂಪ್ ಒತ್ತಿದೆ — ಎಷ್ಟು ಒತ್ತಿದರೂ ಗಟ್ಟಿಯಾಗಲಿಲ್ಲ. ನೀವು ಕಲಿಸಿದ ಹಾಗೆ ಫಿಲ್ಟರಿಗೂ ಪಂಪಿಗೂ ನಡುವೆ ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪು ಹಾಕಿ ಸ್ಟಾರ್ಟ್ ಹೊಡೆದೆ. ಡೀಸೆಲ್ ಜೊತೆ ಸಾಲುಸಾಲು ಗುಳ್ಳೆಗಳು. ಎಲ್ಲೋ ಗಾಳಿ ಎಳೆಯುತ್ತಿದೆ; ಗಾಳಿ ಸೇರಿದರೆ ಡೀಸೆಲ್ ಎಂಜಿನ್ ನಿಂತುಬಿಡುತ್ತದೆ. ಫಿಲ್ಟರ್ ಬಿಚ್ಚಿದೆ.

ಒಳಗೆ ಎರಡು ರಬ್ಬರ್ ರಿಂಗು.

ಹಳೇ ಫಿಲ್ಟರಿನ ರಿಂಗು, ಫಿಲ್ಟರ್ ಕೂರುವ ಮೇಲಿನ ಭಾಗಕ್ಕೇ ಅಂಟಿಕೊಂಡಿತ್ತು. ಅದನ್ನು ಕೀಳದೆ ನಾನು ಹೊಸ ಫಿಲ್ಟರ್ ತಿರುಗಿಸಿದ್ದೆ. ಎರಡು ಸೇರಿದರೆ ಯಾವುದೂ ಸರಿಯಾಗಿ ಕೂರುವುದಿಲ್ಲ. ಹೊರಗಿನಿಂದ ಅದು ಕಾಣುವುದೂ ಇಲ್ಲ — ಎಂಥ ಕಣ್ಣಿದ್ದರೂ ಸರಿ. ಹಳೇ ರಿಂಗನ್ನು ಜೇಬಿಗೆ ಹಾಕಿಕೊಂಡೆ. ಗಾಬರಿಯಲ್ಲಿ ಕೈ ತಾನಾಗಿ ಹೋಯಿತು ಎನ್ನಲಾರೆ. ಸುತ್ತ ನೋಡಿ, ಆಮೇಲೆ ಹಾಕಿಕೊಂಡೆ.

ಏನಾಗಿತ್ತು ಅಂತ ಓನರ್ ಕೇಳಿದರು. ಮೇಡಂ ಅಲ್ಲೇ ನಿಂತಿದ್ದರು.

"ಏರ್ ಎಳೀತಿತ್ತು ಸಾರ್. ಕೊನೇಲಿ ಸ್ಕ್ರೂ ಟೈಟ್ ಮಾಡಿದ್ದು ರುದ್ರಣ್ಣ."

ಎರಡು ಮಾತೂ ನಿಜ. ಎರಡು ನಿಜವನ್ನು ಪಕ್ಕಪಕ್ಕ ಇಟ್ಟು ನಾನು ಸುಳ್ಳು ಹೇಳಿದೆ.

"ಕಣ್ಣು ಕಾಣ್ದಿದ್ರೆ ಮನೇಲಿರ್ಬೇಕು ರೀ," ಅಂದರು ಮೇಡಂ ನಿಮಗೆ. "ನಮ್ಮನೆಯವರಿಗೆ ಏನಾದ್ರೂ ಆಗಿದ್ರೆ?"

ನೀವು ವಾದ ಮಾಡುತ್ತೀರಿ ಅಂದುಕೊಂಡಿದ್ದೆ. ಮಾಡಿದ್ದರೆ ನಾನು ಬಹುಶಃ — ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ನೀವು ನಿಮ್ಮ ಬೆರಳುಗಳನ್ನೇ ನೋಡಿಕೊಂಡು, "ಇರಬಹುದು ಮೇಡಂ. ಈಗೀಗ ಕೈಗೆ ಬಿಗಿ ಗೊತ್ತಾಗ್ತಿಲ್ಲ," ಅಂದಿರಿ. ವಾರದೊಳಗೆ ಕೆಲಸ ಬಿಟ್ಟಿರಿ. ಬಿಡಿ ಅಂತ ಯಾರೂ ಹೇಳಿರಲಿಲ್ಲ. ನಿಮ್ಮ ಜಾಗದಲ್ಲಿ ನಾನು ನಿಂತೆ. ಈಗ ವಸಂತಪುರದಲ್ಲಿ ನನ್ನದೇ ಗ್ಯಾರೇಜು.

ಹೋದ ತಿಂಗಳು ಜೆ.ಪಿ. ನಗರದ ಅಪಾರ್ಟ್‌ಮೆಂಟಿಗೆ ಒಂದು ಹಳೇ ಡೀಸೆಲ್ ಗಾಡಿ ನೋಡಲು ಬಂದೆ. ಗೇಟಿನಲ್ಲಿ ಸೆಕ್ಯುರಿಟಿ ಯೂನಿಫಾರ್ಮಿನಲ್ಲಿ ನೀವು. "ಚೆನ್ನಾಗಿದೀಯೇನಪ್ಪ?" ಅಂದಿರಿ, ಅದೇ ಹಳೇ ಪ್ರೀತಿಯಲ್ಲಿ. ಗೇಟಿನ ಪಕ್ಕದಲ್ಲೇ ನಿಂತಿದ್ದ ಆ ಗಾಡಿಗೆ ನಾನು ಸ್ಟಾರ್ಟ್ ಹೊಡೆದೆ. ಎಂಜಿನ್ ಹಿಡಿದು, ಕೆಮ್ಮಿ, ನಿಂತಿತು. ಬಾನೆಟ್ ಇನ್ನೂ ಎತ್ತಿರಲಿಲ್ಲ. "ರಿಟರ್ನ್ ಪೈಪಲ್ಲಿ ಏರ್ ಎಳೀತಿದೆ ನೋಡು," ಅಂದಿರಿ ನಿಂತಲ್ಲಿಂದಲೇ. ನೋಡಿದೆ. ಪೈಪು ಬಿರಿದಿತ್ತು.

"ಬನ್ನಿ ರುದ್ರಣ್ಣ, ನೀವೇ ಕೈ ಹಾಕಿ."

ನೀವು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿರಿ. "ಬೇಡಪ್ಪ. ನನ್ನಿಂದ ಇನ್ನೊಬ್ರು ದಾರೀಲಿ ನಿಲ್ಲೋದು ಬೇಡ."

ಆಗಲೇ ಹೇಳಬೇಕಿತ್ತು. "ಸರಿ" ಅಂದೆ. ಪೈಪು ಹಾಕಿ ಹೊರಟೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬಿಗಿ ಮಾಡಿದ ಬೋಲ್ಟನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತೇನೆ. ಕೊನೆಗೆ ಜಯನಗರಕ್ಕೆ, ಮೇಡಂ ಮನೆಗೆ ಹೋದೆ — ನಿಮ್ಮ ಹತ್ತಿರ ಬರುವುದಕ್ಕಿಂತ ಅದು ಸುಲಭವಿತ್ತು. ಯಜಮಾನರು ಕಾಯಿಲೆಯಿಂದಲೇ ತೀರಿಕೊಂಡು ವರ್ಷಗಳಾಗಿವೆ. ಎಲ್ಲ ಹೇಳಿದೆ.

"ರುದ್ರಣ್ಣ ಅವರಿಗೆ ಹೇಳಿದ್ರಾ?" ಅಂದರು ಮೇಡಂ.

"ಇಲ್ಲ ಮೇಡಂ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

ಅಲ್ಲಿಂದ ನೇರ ನಿಮ್ಮ ಅಪಾರ್ಟ್‌ಮೆಂಟಿಗೆ ಬಂದೆ. ಮಧ್ಯಾಹ್ನ ಎರಡಕ್ಕೆ ನಿಮ್ಮ ಡ್ಯೂಟಿ ಮುಗಿಯುತ್ತದೆ. ಗೇಟಿನ ಎದುರಿನ ಫುಟ್‌ಪಾತಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಗದ ಕೈಗಿಟ್ಟು ಹೊರಟುಬಿಡುವುದಿಲ್ಲ. ನಿಮ್ಮೆದುರು ನಿಂತು ನಾನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಕೈ ಸರಿಯಾಗಿತ್ತು, ರುದ್ರಣ್ಣ. ಅದು ನಿಮಗೆ ಗೊತ್ತಾಗಬೇಕು.